ನೆರೆಹಾವಳಿಯೂ ಮನೆಯ ಮೂಕಪ್ರಾಣಿಯೂ



ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷೆಗಳ ಫಲವನ್ನೂ ಕಟ್ಟಡಗಳ ಸಂಗತಿಯನ್ನೂ ಬರೆಯುವದು ವಾಡಿಕೆಯಾಗಿದೆ. ಅವೆಲ್ಲವು ಬೇರೆ ಪುಟಗಳಲ್ಲಿ ಬಂದಿರುವದರಿಂದ ನಾವು ಇಲ್ಲಿ ಒಂದು ಸಣ್ಣ ವಿಷಯವನ್ನು ಎತ್ತಿಕೊಂಡಿದ್ದೇವೆ. ಸಣ್ಣದೆಂದು ಒಂದು ಕಾಲಕ್ಕೆ ನಾವೂ ತಿಳಿದಿದ್ದೆವು. ಅದು ಸಣ್ಣದಲ್ಲವೆಂಬದನ್ನು ನಮ್ಮ ಬೋರ್ಡಿಂಗಿನ ಒಬ್ಬ ಹುಡುಗಿಯು ನಮಗೆ ಕಲಿಸಿದಳು.

2019ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ಪಶ್ಚಿಮ ಘಟ್ಟಗಳ ಮೇಲೆ ಮಳೆಯು ಎಡೆಬಿಡದೆ ಸುರಿಯಿತು. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ದಂಡೆ ಮೀರಿ ಹರಿದು ಬೆಳಗಾವಿ, ಬಾಗಲಕೋಟೆ, ಗದಗ ಮುಂತಾದ ಜಿಲ್ಲೆಗಳ ಬಹಳ ಹಳ್ಳಿಗಳನ್ನು ಹೊಕ್ಕವು. ಆಗ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ನಮ್ಮ ಹುಡುಗಿಯೊಬ್ಬಳ ಊರು ಮಲಪ್ರಭೆಯ ದಂಡೆಯಲ್ಲಿತ್ತು. ಅವಳ ತಾಯಿತಂದೆಗಳೂ ಅಜ್ಜಿಯೂ ತಮ್ಮನೂ ಎತ್ತರದ ಊರೊಂದರ ಶಾಲೆಯಲ್ಲಿ ತೆರೆದ ಗಂಜಿ ಕೇಂದ್ರವನ್ನು ಸೇರಿ ಕ್ಷೇಮವಾಗಿದ್ದಾರೆಂದು ಬೋರ್ಡಿಂಗಿಗೆ ಫೋನು ಬಂತು. ಎರಡು ಮಾತು ಆಡುವಷ್ಟರಲ್ಲಿ ಫೋನು ಕಡಿದುಹೋಯಿತು. ಮುಂದೆ ನಾಲ್ಕು ದಿವಸ ಆ ಕಡೆಯಿಂದ ಸುದ್ದಿಯೇ ಇಲ್ಲ. ಎಲ್ಲರೂ ಬದುಕಿದ್ದಾರೆಂದು ನಾವು ಸಂತೋಷದಿಂದ ಹೇಳಿದಾಗ ಆ ಹುಡುಗಿಯು ನಮ್ಮ ಮುಖವನ್ನೇ ನೋಡಿ, “ಅಕ್ಕಾರ, ಮೋತೀನ್ನ ಬಿಚ್ಯಾರೋ ಇಲ್ಲೋ?” ಎಂದು ಕೇಳಿದಳು.

ಮೋತಿ ಎಂಬದು ಅವರ ಮನೆಯ ನಾಯಿ. ಅಂಗಳದ ಬೇವಿನ ಮರಕ್ಕೆ ಅದನ್ನು ಸರಪಳಿಯಿಂದ ಕಟ್ಟುತ್ತಿದ್ದರು. ನಾವು ಆಗ ಕೊಟ್ಟ ಉತ್ತರವನ್ನು ಇಲ್ಲಿ ಬಚ್ಚಿಡದೆ ಬರೆಯುತ್ತೇವೆ. “ಊರಿಗೆ ಊರೇ ಮುಳುಗಿರುವಾಗ ನಾಯಿಯ ಮಾತೇ? ಮನೆಯವರೆಲ್ಲರು ಉಳಿದಿದ್ದಾರೆ, ಹೋಗಿ ಊಟ ಮಾಡು” ಎಂದೆವು. ವಿಧೇಯಳಾದ ಹುಡುಗಿ, ಹೋಗಿ ತಾಟಿನ ಮುಂದೆ ಕೂತಳು. ಆದರೆ ಆ ರಾತ್ರಿ ಮೇಲ್ವಿಚಾರಕಿಯವರು ಕಂದೀಲು ಹಿಡಿದು ಸುತ್ತು ಬಂದಾಗ ಅವಳು ಪಡಸಾಲೆಯ ಮೆಟ್ಟಿಲ ಮೇಲೆ, ಮಳೆಯ ಕಡೆಗೆ ಮುಖಮಾಡಿ, ಒಬ್ಬಳೇ ಕೂತಿದ್ದಳು. ಮರುದಿವಸವೂ ಹಾಗೆಯೇ. ಆಗ ನಮಗೆ ನಮ್ಮ ತಪ್ಪು ತಿಳಿಯಿತು. ಆ ಮಗುವು ನಾಯಿಯನ್ನು ಮನುಷ್ಯರಿಗಿಂತ ಹೆಚ್ಚೆಂದು ಎಣಿಸಿರಲಿಲ್ಲ. ಮನುಷ್ಯರ ಸುದ್ದಿ ತಿಳಿದಿತ್ತು, ನಾಯಿಯ ಸುದ್ದಿ ತಿಳಿದಿರಲಿಲ್ಲ. ತಿಳಿಯದಿರುವದರ ಕಡೆಗೇ ಮನಸ್ಸು ಹರಿಯುವದು ಸಹಜವಲ್ಲವೇ?

ದೂರದಲ್ಲಿರುವವರ ಈ ಚಿಂತೆಯು ಇಷ್ಟು ಭಾರವಾಗುವದಕ್ಕೆ ಕಾರಣಗಳಿವೆ. ಅಪಾಯದ ನಡುವೆ ಇದ್ದವರಿಗೆ ಕೈಗೆ ಕೆಲಸವಿರುತ್ತದೆ: ಗಂಟು ಕಟ್ಟುವದು, ಮಕ್ಕಳನ್ನು ಎತ್ತುವದು, ದಾರಿ ಹುಡುಕುವದು. ದೂರವಿದ್ದವರಿಗೆ ಕೆಲಸವಿಲ್ಲ, ಊಹೆಯೊಂದೇ ಇರುತ್ತದೆ. ಊಹೆಯು ಯಾವಾಗಲೂ ಕೆಟ್ಟದ್ದನ್ನೇ ಮುಂದಿಡುತ್ತದೆ. ಮನುಷ್ಯನು ಹೇಗಾದರೂ ಒಂದು ಮಾತು ಹೇಳಿ ಕಳುಹಿಸುವನು. ಮೂಕಪ್ರಾಣಿಯು ಏನನ್ನು ಹೇಳಿ ಕಳುಹಿಸೀತು? ಎಲ್ಲಕ್ಕೂ ಮಿಗಿಲಾದ ಕಾರಣವು ಮತ್ತೊಂದಿದೆ. ಮನುಷ್ಯನು ನೀರು ಕಂಡು ತಾನೇ ಎದ್ದು ಓಡುವನು. ಕಟ್ಟಿದ ನಾಯಿ, ಕೊಟ್ಟಿಗೆಯ ಎಮ್ಮೆ, ಪಂಜರದ ಗಿಳಿ, ಬುಟ್ಟಿಯ ಕೆಳಗಿನ ಕೋಳಿ ಇವು ಓಡಲಾರವು. ಓಡದಂತೆ ಮಾಡಿದವರು ನಾವೇ. ಬಾಲಿಕೆಯ ಪ್ರಶ್ನೆಯಲ್ಲಿ ಈ ಸತ್ಯವೇ ಅಡಗಿತ್ತು.

ನೆರೆಯು ಹೇಗೆ ಬರುತ್ತದೆಂಬದನ್ನು ತಿಳಿದರೆ ಇದರ ಮಹತ್ವವು ಇನ್ನೂ ಸ್ಪಷ್ಟವಾಗುವದು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಹತ್ತಿರ ನವಿಲುತೀರ್ಥದ ಆಣೆಕಟ್ಟನ್ನು ದಾಟಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಮಳೆಯು ಬೀಳುವದು ಘಟ್ಟದ ಮೇಲೆ. ನೀರು ಏರುವದು ಕೆಳಗಿನ ಬಯಲಿನಲ್ಲಿ. ತಮ್ಮ ಊರಲ್ಲಿ ಮಳೆಯು ಅಷ್ಟಾಗಿ ಇಲ್ಲದಿದ್ದರೂ, ಆಣೆಕಟ್ಟು ತುಂಬಿ ಬಾಗಿಲು ತೆರೆದಾಗ ಕೆಲವು ಗಂಟೆಗಳೊಳಗೆ ಹೊಳೆಯು ಅಂಗಳಕ್ಕೆ ಬರುವದುಂಟು. ಡಂಗುರ ಕೇಳಿಸಿದ ಮೇಲೆ ಉಳಿಯುವ ಹೊತ್ತಿನಲ್ಲಿ ಜನರು ಕಾಗದಪತ್ರ, ಕಾಳು, ಹಸುಗೂಸುಗಳನ್ನು ನೋಡಿಕೊಳ್ಳುತ್ತಾರೆ. ಮೊದಲೇ ಗೊತ್ತುಮಾಡಿರದ ಕೆಲಸವು ಆ ಗಡಿಬಿಡಿಯಲ್ಲಿ ನೆನಪಾಗದು.

ಪ್ರಾಣಿಗಳು ನೀರಿನಲ್ಲಿ ಒಂದೇ ತರವಾಗಿ ನಡೆಯುವದಿಲ್ಲ. ನಾಯಿಯು ಈಜಬಲ್ಲದು; ಆದರೆ ನೆರೆಯ ನೀರು ಕೆರೆಯ ನೀರಿನಂತಲ್ಲ. ಸೆಳೆತದಲ್ಲಿ ಬರುವ ದಿಮ್ಮಿ, ಮುಳ್ಳು, ತಂತಿಗಳು ಅದನ್ನು ಬೇಗನೆ ದಣಿಸುತ್ತವೆ. ಬೆಕ್ಕು ಅಟ್ಟ, ಜಂತಿ, ಮಾಳಿಗೆಗಳನ್ನು ಹತ್ತಿ ಅವಿತುಕೊಂಡು, ಮನೆಯವರು ಕೂಗಿದರೂ ಹೊರಗೆ ಬಾರದು. ಅಂಥ ಬೆಕ್ಕನ್ನು ಸತ್ತಿತೆಂದು ತಿಳಿದು ಬಿಟ್ಟುಹೋದವರು ಎಷ್ಟೋ ಮಂದಿ. ಎಮ್ಮೆ ಆಕಳುಗಳು ಬಿಡುವಾಗಿದ್ದರೆ ಎತ್ತರದ ನೆಲವನ್ನು ಹುಡುಕಿಕೊಳ್ಳುತ್ತವೆ. ಕುರಿಯ ಉಣ್ಣೆಯು ನೀರು ಕುಡಿದು ಭಾರವಾಗುವದರಿಂದ ಅದು ಬಹಳ ಹೊತ್ತು ತೇಲಲಾರದು. ಮುಚ್ಚಿದ ಕೋಳಿಗಳಿಗಂತೂ ದಾರಿಯೇ ಇಲ್ಲ. ನೀರು ಇಳಿದ ಮೇಲೆಯೂ ಅಪಾಯವು ಮುಗಿಯುವದಿಲ್ಲ. ಊಟವಿಲ್ಲದೆ ನಾಯಿಯು ಬಹಳ ದಿವಸ ಬದುಕೀತು. ಶುದ್ಧವಾದ ನೀರಿಲ್ಲದೆ ಕೆಲವೇ ದಿವಸ. ಕೊಳಚೆ ನೀರು ಕುಡಿದರೆ ಭೇದಿಯೂ ಇಲಿಜ್ವರವೂ ಬರುತ್ತವೆ. ಇಲಿಜ್ವರವು ಮನುಷ್ಯರಿಗೂ ಅಂಟುವ ರೋಗ.

ನಮ್ಮ ಹುಡುಗಿಯ ಚಿಂತೆಯು ಹಳ್ಳಿಯ ಮಕ್ಕಳದು ಮಾತ್ರವೆಂದು ತಿಳಿಯಬಾರದು. ಧನಬಲವುಳ್ಳ ದೇಶಗಳೂ ಈ ಪಾಠವನ್ನು ಕಷ್ಟಪಟ್ಟೇ ಕಲಿತಿವೆ. 2005ನೆಯ ಇಸವಿಯ ಆಗಸ್ಟ್ 29ರಂದು ಅಮೇರಿಕಾ ದೇಶದ ದಕ್ಷಿಣ ಕರಾವಳಿಗೆ ಕತ್ರೀನಾ ಎಂಬ ಬಿರುಗಾಳಿಯು ಬಡಿಯಿತು. ನ್ಯೂ ಆರ್ಲಿಯನ್ಸ್ ಪಟ್ಟಣದ ಸುಮಾರು ಅರ್ಧ ಭಾಗವು ಸಮುದ್ರದ ಮಟ್ಟಕ್ಕಿಂತ ತಗ್ಗಿನಲ್ಲಿದ್ದು, ಒಡ್ಡುಗಳು ಒಡೆದಾಗ ನೂರಕ್ಕೆ ಸುಮಾರು 80ರಷ್ಟು ಪಟ್ಟಣವು ನೀರಿನಲ್ಲಿ ನಿಂತಿತು. ಜನರನ್ನು ಸಾಗಿಸಿದ ಬಹಳ ವಾಹನಗಳಲ್ಲಿಯೂ ಆಶ್ರಯಸ್ಥಾನಗಳಲ್ಲಿಯೂ ಪ್ರಾಣಿಗಳಿಗೆ ಸ್ಥಳವಿರಲಿಲ್ಲ. ಎರಡು ಮೂರು ದಿವಸಗಳಲ್ಲಿ ತಿರುಗಿ ಬರುವೆವೆಂದು ಬಟ್ಟಲಲ್ಲಿ ಅನ್ನ ನೀರು ಇಟ್ಟು ಬಾಗಿಲು ಹಾಕಿ ಹೋದವರು ವಾರಗಟ್ಟಲೆ ಬರಲಾರದೆ ಹೋದರು. ಬೇರೆ ಕೆಲವರು ನಾಯಿ ಬೆಕ್ಕುಗಳನ್ನು ಬಿಡಲೊಲ್ಲದೆ ಮುಳುಗುವ ಮನೆಯಲ್ಲಿಯೇ ಉಳಿದರು. ದೋಣಿಗಳಲ್ಲಿ ತಿರುಗಿದ ಸ್ವಯಂಸೇವಕರು ಒಳಗೆ ಪ್ರಾಣಿಯಿದೆಯೆಂದು ಗೋಡೆಗಳ ಮೇಲೆ ಬಣ್ಣದಿಂದ ಗುರುತು ಬರೆದರು. ಉಳಿಸಿದ ಪ್ರಾಣಿಗಳಲ್ಲಿಯೂ ಬಹಳಷ್ಟರ ಕೊರಳಲ್ಲಿ ಹೆಸರಿಲ್ಲ, ವಿಳಾಸವಿಲ್ಲ. ಅವು ತಮ್ಮ ಮನೆಯವರನ್ನು ಮತ್ತೆ ಕಾಣಲೇ ಇಲ್ಲ. ಈ ದುಃಖದಿಂದಲೇ 2006ನೆಯ ಇಸವಿಯ ಅಕ್ಟೋಬರದಲ್ಲಿ ಅಲ್ಲಿ ಒಂದು ಕಾಯಿದೆಯು ಹುಟ್ಟಿತು: ಆಪತ್ಕಾಲದ ಏರ್ಪಾಡು ಮಾಡುವ ಅಧಿಕಾರಿಗಳು ಮನೆಯ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅದು ವಿಧಿಸಿತು.

ಜಪಾನ ದೇಶದ ಸಂಗತಿಯೂ ಇಂಥದೇ. 2011ನೆಯ ಇಸವಿಯ ಮಾರ್ಚ್ 11ರಂದು ಭೂಕಂಪವೂ ಸಮುದ್ರದ ಮಹಾತೆರೆಗಳೂ ಬಂದು ಫುಕುಶಿಮಾದ ಅಣುವಿದ್ಯುತ್ ಸ್ಥಾವರವು ಕೆಟ್ಟಾಗ, ಸುತ್ತಲಿನ 20 ಕಿಲೋಮೀಟರುಗಳೊಳಗಿನ ಜನರು ಊರು ಬಿಡಬೇಕಾಯಿತು. ಬೇಗನೆ ಮರಳುವೆವೆಂದು ನಂಬಿ ಬಹಳ ಜನರು ಪ್ರಾಣಿಗಳನ್ನು ಹಿಂದೆ ಬಿಟ್ಟರು. ಏಪ್ರಿಲ್ 22ರಿಂದ ಆ ಪ್ರದೇಶದೊಳಗೆ ಯಾರೂ ಹೋಗಕೂಡದೆಂದು ಆಜ್ಞೆಯಾಯಿತು. ತೊಮಿಓಕಾ ಎಂಬ ಊರಿನ ಒಬ್ಬ ಒಕ್ಕಲಿಗನು ಮಾತ್ರ, ಹಿಂದುಳಿದ ದನ, ನಾಯಿ, ಬೆಕ್ಕುಗಳಿಗೆ ಮೇವು ಹಾಕುತ್ತ ಅಲ್ಲಿಯೇ ಉಳಿದನು. ಆ ಮೇಲೆ 2013ರಲ್ಲಿ ಅಲ್ಲಿಯ ಪರಿಸರ ಮಂತ್ರಾಲಯವು ಮಾರ್ಗದರ್ಶಿಯೊಂದನ್ನು ಹೊರಡಿಸಿ, ಸ್ಥಳ ಬಿಡುವವರು ಸಾಕುಪ್ರಾಣಿಯನ್ನು ಸಂಗಡ ಕರಕೊಂಡೇ ಹೊರಡತಕ್ಕದ್ದೆಂಬ ಕ್ರಮವನ್ನು ಬೋಧಿಸಿತು.

ನಮ್ಮ ನೆರೆಹೊರೆಯಲ್ಲಿ 2018ನೆಯ ಇಸವಿಯ ಆಗಸ್ಟ್ ತಿಂಗಳನ್ನು ಯಾರು ಮರೆತಾರು? ಕೊಡಗಿನಲ್ಲಿ ಮಡಿಕೇರಿಯ ಸುತ್ತಲಿನ ಗುಡ್ಡಗಳು ಕುಸಿದಾಗ ಜನರು ಉಟ್ಟ ಬಟ್ಟೆಯಲ್ಲಿಯೇ ಹೊರಟರು. ಕೊಟ್ಟಿಗೆಯ ದನಗಳೂ ಅಂಗಳದ ನಾಯಿಗಳೂ ಹಿಂದುಳಿದವು. ಅದೇ ತಿಂಗಳು ಕೇರಳದ ಮಹಾನೆರೆಯಲ್ಲಿ ತ್ರಿಶ್ಶೂರಿನ ಒಬ್ಬ ಹೆಂಗಸು, ತನ್ನ 25 ನಾಯಿಗಳನ್ನು ಬಿಟ್ಟು ತಾನು ಬಾರೆನೆಂದು ಹಟಹಿಡಿದಳು; ಬಳಿಕ ಪ್ರಾಣಿದಯಾ ಸಂಘದವರ ನೆರವಿನಿಂದ ಆಕೆಯೂ ನಾಯಿಗಳೂ ಉಳಿದರು. ಇಂಥ ಹಟವನ್ನು ನಾವು ಹೊಗಳುವದಿಲ್ಲ. ಅದರಿಂದ ಕಾಪಾಡಲು ಬಂದವರ ಜೀವಕ್ಕೂ ಅಪಾಯ. ಆದರೆ ಅದರಿಂದ ಕಲಿಯತಕ್ಕ ಪಾಠವು ಒಂದಿದೆ. ಪ್ರಾಣಿಗೆ ಸ್ಥಳವಿಲ್ಲವೆಂದರೆ ಮನುಷ್ಯರೂ ಹಿಂದುಳಿಯುತ್ತಾರೆ. ಆದಕಾರಣ ಪ್ರಾಣಿಯ ಏರ್ಪಾಡು ಮಾಡುವದು ಮನುಷ್ಯರನ್ನು ಉಳಿಸುವ ಕೆಲಸದ ಒಂದು ಭಾಗವೇ ಆಗಿದೆ. ನಮ್ಮ ದೇಶದ 1960ನೆಯ ಇಸವಿಯ ಪ್ರಾಣಿಹಿಂಸಾ ನಿವಾರಣ ಕಾಯಿದೆಯ 11ನೆಯ ಕಲಮು, ಹಸಿವು ನೀರಡಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವದನ್ನೂ, ತೀರ ಗಿಡ್ಡವಾದ ಇಲ್ಲವೆ ಭಾರವಾದ ಸರಪಳಿಯಲ್ಲಿ ಬಹುಹೊತ್ತು ಕಟ್ಟಿಹಾಕುವದನ್ನೂ ಅಪರಾಧವೆಂದು ಎಣಿಸುತ್ತದೆ.

ಹಾಗಾದರೆ ನಾವು ಮಾಡತಕ್ಕದ್ದೇನು? ಮುಖ್ಯವಾದ ಕೆಲಸವೆಲ್ಲ ಮಳೆಗಾಲಕ್ಕೆ ಮುಂಚೆಯೇ ಆಗಬೇಕು. ಮೊದಲನೆಯದಾಗಿ, ಆಪತ್ತಿನ ಹೊತ್ತಿನಲ್ಲಿ ಪ್ರಾಣಿಗಳನ್ನು ಬಿಚ್ಚುವವರು ಯಾರೆಂಬದನ್ನು ಮನೆಯಲ್ಲಿ ಒಬ್ಬರ ಹೆಸರು ಹೇಳಿ ಗೊತ್ತುಮಾಡಿರಿ. ಎಲ್ಲರ ಕೆಲಸವೆಂದರೆ ಯಾರ ಕೆಲಸವೂ ಅಲ್ಲ. ಮನೆಯವರು ಊರಲ್ಲಿಲ್ಲದಾಗ ಆ ಕೆಲಸವನ್ನು ಮಾಡುವ ನೆರೆಯವರೊಬ್ಬರನ್ನು ಕೇಳಿಕೊಂಡು, ಒಂದು ಬೀಗದ ಕೈಯನ್ನು ಅವರಲ್ಲಿ ಇಡಿರಿ. ಎರಡನೆಯದಾಗಿ, ನಾಯಿಯ ಕೊರಳ ಪಟ್ಟಿಯ ಮೇಲೆ ಫೋನಿನ ಸಂಖ್ಯೆಯನ್ನು ನೀರಿಗೆ ಅಳಿಸದಂತೆ ಬರೆಯಿಸಿರಿ; ಪ್ರಾಣಿಯ ಒಂದು ಚಿತ್ರವನ್ನು ತೆಗೆದು ದೂರದಲ್ಲಿರುವ ಮಗಳಿಗೂ ಕಳುಹಿಸಿರಿ. ಮೂರನೆಯದಾಗಿ, ಹುಚ್ಚುನಾಯಿ ರೋಗದ ಲಸಿಕೆಯನ್ನು ತಪ್ಪದೆ ಹಾಕಿಸಿರಿ. ಲಸಿಕೆಯಾದ ನಾಯಿಯನ್ನು ಪರರ ಮನೆಯಲ್ಲಿ ಇರಿಸಿಕೊಳ್ಳಲು ಜನರು ಅಂಜುವದಿಲ್ಲ. ನಾಲ್ಕನೆಯದಾಗಿ, ಬೆಕ್ಕಿಗೆ ಮುಚ್ಚಳವಿರುವ ಬುಟ್ಟಿ, ನಾಯಿಗೆ ಗಟ್ಟಿಯಾದ ಹಗ್ಗ, ಕೆಲವು ದಿವಸಗಳ ಊಟ ಇವುಗಳನ್ನು ಒಂದೇ ಸ್ಥಳದಲ್ಲಿ ಇಟ್ಟುಕೊಳ್ಳಿರಿ.

ನೀರು ಬಂದಾಗ, ಸಾಧ್ಯವಿದ್ದರೆ ಪ್ರಾಣಿಯನ್ನು ಸಂಗಡ ಕರಕೊಂಡು ಹೋಗಿರಿ. ಸಾಧ್ಯವಿಲ್ಲದಿದ್ದರೆ ಯಾವ ಪ್ರಾಣಿಯನ್ನೂ ಕಟ್ಟಿ ಬಿಡಬೇಡಿರಿ. ಗೂಟದ ಹಗ್ಗವನ್ನು ಬಿಚ್ಚಿರಿ, ಪಂಜರದ ಬಾಗಿಲನ್ನು ತೆರೆಯಿರಿ, ಕೋಳಿಯ ಬುಟ್ಟಿಯನ್ನು ಎತ್ತಿರಿ. ಮಾಳಿಗೆಯ ಮೇಲೆ ಹೋಗುವ ದಾರಿಯನ್ನು ತೆರೆದಿಟ್ಟು, ಉರುಳದಂಥ ಎರಡು ಮೂರು ಪಾತ್ರೆಗಳಲ್ಲಿ ಕುಡಿಯುವ ನೀರನ್ನು ಎತ್ತರದಲ್ಲಿ ಇಡಿರಿ. ಇದಕ್ಕೆ ಬೇಕಾಗುವದು ಕೆಲವೇ ನಿಮಿಷಗಳು. ಆದರೆ ಮನುಷ್ಯರ ಜೀವವನ್ನು ಇದಕ್ಕಾಗಿ ಒತ್ತೆಯಿಡಬಾರದು. ನೀರು ಮೊಣಕಾಲಿಗೆ ಬಂದ ಮೇಲೆ ನಾಯಿಗಾಗಿ ಮಗನನ್ನು ಹಿಂದಕ್ಕೆ ಕಳುಹಿಸುವದು ದಯೆಯಲ್ಲ, ಅವಿವೇಕ. ಹೊತ್ತು ಇರುವಾಗ ಬಿಚ್ಚಬೇಕೆಂದು ನಾವು ಒತ್ತಿ ಹೇಳುವದು ಇದಕ್ಕಾಗಿಯೇ.

ಈಗ ದೂರದಲ್ಲಿರುವವರಿಗೆ ಒಂದು ಮಾತು. ಬೆಂಗಳೂರಲ್ಲಿಯೂ ಪರದೇಶಗಳಲ್ಲಿಯೂ ಇರುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರ ವೃದ್ಧ ತಾಯಿತಂದೆಗಳು ಊರಲ್ಲಿ ಒಂದು ನಾಯಿ ಇಲ್ಲವೆ ಆಕಳನ್ನು ಸಂಗಡ ಇಟ್ಟುಕೊಂಡು ಬಾಳುತ್ತಿದ್ದಾರೆ. ಆಪತ್ತು ಬಂದಾಗ ಮನೆಯವರಿಗೆ ಗಳಿಗೆಗೊಮ್ಮೆ ಫೋನು ಮಾಡಿ ಅವರ ಫೋನಿನ ಶಕ್ತಿಯನ್ನು ಮುಗಿಸಬೇಡಿರಿ. ಮೊದಲು ಗೊತ್ತುಮಾಡಿದ ಒಬ್ಬರೊಂದಿಗೆ ಮಾತಾಡಿರಿ, ಕ್ಷೇಮವನ್ನು ಕೇಳಿ, “ಬಿಚ್ಚಿದ್ದಾಯಿತೇ?” ಎಂಬ ಒಂದೇ ಪ್ರಶ್ನೆಯನ್ನು ಕೇಳಿರಿ. ಮನೆಯವರು ಸಿಗದಿದ್ದರೆ ಜಿಲ್ಲೆಯ ವಿಪತ್ತು ನಿರ್ವಹಣೆಯ ಸಂಖ್ಯೆಯಾದ 1077ಕ್ಕೆ ತಿಳಿಸಬಹುದು. ಪ್ರಾಣಿಗಳ ಚಿಕಿತ್ಸೆಗಾಗಿ ನಮ್ಮ ರಾಜ್ಯದಲ್ಲಿ 1962 ಎಂಬ ಸಂಖ್ಯೆ ಇದೆ. ಬೇರೆ ಜಿಲ್ಲೆಯಿಂದ 1077ಕ್ಕೆ ಕರೆಯುವಾಗ ಆ ಊರಿನ ಕೋಡು ಸಂಖ್ಯೆಯನ್ನು ಮೊದಲು ಒತ್ತಬೇಕು. ತಾವೇ ನೆರೆಯ ಊರಿಗೆ ಓಡಿ ಹೋಗುವದರಿಂದ ಕಾಪಾಡುವವರಿಗೆ ಮತ್ತೊಬ್ಬರ ಭಾರವೇ ಹೆಚ್ಚುವದು.

ನೀರು ಇಳಿದ ಬಳಿಕ ಬೇಗನೆ ಆಶೆಯನ್ನು ಬಿಡಬೇಡಿರಿ. ಬಿಡುವಾದ ಪ್ರಾಣಿಗಳು ವಾರಗಳ ಮೇಲೆ ತಿರುಗಿ ಬಂದದ್ದುಂಟು. ಬೆಕ್ಕನ್ನು ಸದ್ದಡಗಿದ ರಾತ್ರಿಯಲ್ಲಿ, ಪರಿಚಿತವಾದ ದನಿಯಿಂದ ಕರೆಯಬೇಕು. ಹಸಿದು ಬಂದ ಪ್ರಾಣಿಗೆ ಒಮ್ಮೆಲೆ ಹೊಟ್ಟೆತುಂಬ ಹಾಕದೆ, ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಅಂಜಿದ ಇಲ್ಲವೆ ಗಾಯಗೊಂಡ ಪ್ರಾಣಿಯು ತನ್ನವರನ್ನೂ ಕಚ್ಚೀತು. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿವಸ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಹಾಕಿಸಿಕೊಳ್ಳಬೇಕು.

ತಾಯಿತಂದೆಗಳಲ್ಲಿಯೂ ಉಪಾಧ್ಯಾಯಿನಿಯರಲ್ಲಿಯೂ ನಮ್ಮದೊಂದು ವಿಜ್ಞಾಪನೆ. ಮಗುವು ಇಂಥ ಪ್ರಶ್ನೆಯನ್ನು ಕೇಳಿದಾಗ ನಾವು ಗದರಿಸಿದಂತೆ ಗದರಿಸಬೇಡಿರಿ. ಗೊತ್ತಿಲ್ಲದೆ “ಚೆನ್ನಾಗಿದೆ” ಎಂದು ಸುಳ್ಳನ್ನೂ ಹೇಳಬೇಡಿರಿ. ಆ ಸುಳ್ಳು ಹೊರಬಿದ್ದ ದಿವಸ ಮಗುವು ನಿಮ್ಮ ಬೇರೆ ಮಾತುಗಳನ್ನೂ ನಂಬದು. ತಿಳಿದದ್ದನ್ನು ತಿಳಿದಿದೆಯೆಂದೂ, ತಿಳಿಯದ್ದನ್ನು ತಿಳಿಯದೆಂದೂ ಹೇಳಿ, ಸುದ್ದಿ ಬಂದ ಕೂಡಲೆ ತಿಳಿಸುವೆವೆಂದು ಮಾತು ಕೊಡಿರಿ. ಕೊಟ್ಟ ಮಾತನ್ನು ನಡಿಸಿರಿ. ಕೈಗೆ ಒಂದು ಕೆಲಸವನ್ನೂ ಕೊಡಿರಿ. ಮೂರನೆಯ ದಿವಸ ನಾವು ಆ ಹುಡುಗಿಯನ್ನು ಕರೆದು, ನಮ್ಮ ಮಾತು ತಪ್ಪಾಯಿತೆಂದು ಹೇಳಿ, ಮೋತಿಯ ಬಣ್ಣ, ಗುರುತು, ವಯಸ್ಸುಗಳನ್ನು ಒಂದು ಕಾಗದದಲ್ಲಿ ಬರೆಯಿಸಿದೆವು. ಎಡಗಿವಿಯ ತುದಿಯು ಹರಿದಿದೆ, ಬಾಲದಲ್ಲಿ ಬಿಳುಪಿದೆ ಎಂದು ಅವಳು ಅಚ್ಚುಕಟ್ಟಾಗಿ ಬರೆದಳು. ಆ ದಿವಸ ಊಟ ಮಾಡಿದಳು.

ಐದನೆಯ ದಿವಸ ಫೋನು ಬಂತು. ಟ್ರಾಕ್ಟರಿನ ಗಾಡಿಯನ್ನು ಎಲ್ಲರೂ ಏರಿದ ಮೇಲೆ ಅಜ್ಜಿಯು ಇಳಿದು, ಪಾದ ಮುಳುಗುವ ನೀರಿನಲ್ಲಿ ಬೇವಿನ ಮರದ ತನಕ ಹೋಗಿ ಸರಪಳಿಯ ಕೊಂಡಿಯನ್ನು ತೆಗೆದಿದ್ದರು. ಮೋತಿಯು ಗಾಡಿಯ ಹಿಂದೆ ಕೆಲವು ಮಾರು ಓಡಿ ಬಂದು, ಮಳೆಯಲ್ಲಿ ಮರೆಯಾಯಿತಂತೆ. ನೀರು ಇಳಿದ ಮೇಲೆ ಮನೆಯವರು ಸುತ್ತಲಿನ ಊರುಗಳಲ್ಲಿ ತಿಂಗಳುಗಟ್ಟಲೆ ಕೇಳಿದರು. ಅದು ತಿರುಗಿ ಬರಲಿಲ್ಲ. ಇದನ್ನು ತಿಳಿಸುವ ಹೊತ್ತಿನಲ್ಲಿ ನಮಗೆ ಮಾತು ಹೊರಡದಾಯಿತು. ಹುಡುಗಿಯು ಬಹಳ ಹೊತ್ತು ಅತ್ತು, ಕಣ್ಣೊರಸಿಕೊಂಡು, “ಕಟ್ಟಿದಲ್ಲೇ ಇರಲಿಲ್ಲಲ್ಲ, ಅಕ್ಕಾರ” ಎಂದಳು.

ಅಂದಿನಿಂದ ನಮ್ಮ ಬೋರ್ಡಿಂಗಿನಲ್ಲಿ ಒಂದು ಪದ್ಧತಿಯಿದೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೊದಲನೆಯ ಶನಿವಾರ ಪ್ರತಿಯೊಬ್ಬ ಹುಡುಗಿಯು ಒಂದು ದಫ್ತರದಲ್ಲಿ ತನ್ನ ಮನೆಯ ಪ್ರಾಣಿಗಳ ಹೆಸರನ್ನೂ, ಅವುಗಳನ್ನು ಬಿಚ್ಚುವವರ ಹೆಸರನ್ನೂ ಬರೆಯುತ್ತಾಳೆ. ಹೆಸರು ಗೊತ್ತಿಲ್ಲದವಳು ಆ ವಾರವೇ ಮನೆಗೆ ಕೇಳಿ ಬರೆಯಬೇಕು. ಹೆಚ್ಚಾಗಿ ಅಲ್ಲಿ ಕಾಣುವದು ಅಜ್ಜಿಯರ ಹೆಸರು. ಈ ಲೇಖನವನ್ನು ಓದಿದ ಮೇಲೆ ನೀವೂ ಇಂದಿನ ಸಂಜೆ ನಿಮ್ಮ ಮನೆಯಲ್ಲಿ ಆ ಒಂದು ಹೆಸರನ್ನು ಗೊತ್ತುಮಾಡಿಕೊಂಡರೆ, ನಾವು ಬರೆದದ್ದು ಸಾರ್ಥಕವಾಯಿತೆಂದು ತಿಳಿಯುವೆವು.